ಎದೆಯೆತ್ತರದಲ್ಲಿ

ಪೆರ್ಡೂರಿಂದ ಮೇಲೆ, ಜಲ್ಲಿ ರಸ್ತೆ ಮುಗಿದಲ್ಲಿ
ಸಾಗುವಾನಿ ನೆಡುತೋಪು. ಮೂರು ಪಾಲು.
ಟೇಪು ನನ್ನ ಕೈಲಿ, ಬಣ್ಣದ ಡಬ್ಬಿ ಐತಪ್ಪ ನಾಯ್ಕರದು.
ನೆಲದಿಂದ ನಾಲ್ಕೂವರೆ ಅಡಿ: ಅದು ಇಲಾಖೆಯ ಎದೆ.
ನನ್ನದು ಸ್ವಲ್ಪ ಕೆಳಗೆ,
ಪ್ರತಿ ಮರಕ್ಕೂ ಕೈ ಎತ್ತಿಯೇ ಸುತ್ತು ಹಾಕಬೇಕು.

ಮೊದಲ ಪಾಲಲ್ಲಿ ಸಾಲು ಬಿಟ್ಟು ಸಾಲು ಕಡಿದದ್ದು,
ಒಂಬತ್ತು ವರ್ಷದ ಹಿಂದೆ. ಬೇಗ ಮುಗಿಯುವ ಕೆಲಸ,
ಮುಖ ನೋಡಬೇಕಿಲ್ಲ, ಎಣಿಸಿದರೆ ಸಾಕು.
ನೆಟ್ಟಗಿದ್ದದ್ದೂ ಹೋಯಿತು, ಡೊಂಕೂ ಹೋಯಿತು.
"ಸಮಸಂಖ್ಯೆಯಲ್ಲಿ ಹುಟ್ಟಿದ್ದೇ ತಪ್ಪು" ಅನ್ನುತ್ತಾರೆ ಐತಪ್ಪ
ಎಲೆಯಡಿಕೆ ಇನ್ನೊಂದು ದವಡೆಗೆ ಸರಿಸಿ.
ಉಳಿದವು ಎರಡೂ ಬದಿಯ ಬಯಲಿಗೆ ಕೊಂಬೆ ಚಾಚಿವೆ,
ಹಿಂದೆಮುಂದಿನವರಿಗೆ ಮಾತ್ರ ಇನ್ನೂ ಮೊಣಕೈ ತಾಗುತ್ತದೆ,
ಸಿಟಿ ಬಸ್ಸಿನಲ್ಲಿ ನಿಂತವರ ಹಾಗೆ.

ಎರಡನೆಯದು ಕಣ್ಣಳತೆಯದು.
ನೆತ್ತಿ ನೋಡಿ, ಬುಡ ನೋಡಿ, ಪಕ್ಕದವನ ನೆರಳು ನೋಡಿ
ಸೊರಗಿದ್ದಕ್ಕೆ, ಕವಲೊಡೆದದ್ದಕ್ಕೆ ಹಳದಿ ಗೀಟು.
ಹದಿನೈದು ದಿನ ಕುತ್ತಿಗೆ ನೋವಿತ್ತಂತೆ.
ಇಲ್ಲಿ ಸರಾಸರಿ ದಪ್ಪ. ಸಾಹೇಬರಿಗೆ ಸಂತೋಷ.
ಆದರೆ ಕುಳ್ಳರನ್ನು ಹೊರಗೆ ಕಳಿಸಿದ ತರಗತಿಯಲ್ಲಿ
ಯಾರೂ ಒಂದಂಗುಲ ಬೆಳೆಯದೆಯೂ ಸರಾಸರಿ ಬೆಳೆಯುತ್ತದೆ.
ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ನಾನು,
ನನಗೆ ಗೊತ್ತು.
ಅದಕ್ಕೇ ಒಂದೊಂದನ್ನೇ ಕೇಳಬೇಕು,
ಆಗ ಎಷ್ಟಿದ್ದೆ, ಈಗ ಎಷ್ಟು?
ಮೊನ್ನೆಯ ಗಾಳಿಗೆ ಬಿದ್ದು, ಕುಯ್ದ ಒಂದರ ಬುಡ ಹೇಳಿತು:
ಕೂದಲೆಳೆ, ಕೂದಲೆಳೆ, ಕೂದಲೆಳೆ,
ಪಕ್ಕದವನು ಹೋದ ವರ್ಷವೂ ಕೂದಲೆಳೆ,
ಆಮೇಲೆ ಥಟ್ಟನೆ ಬೆರಳಗಲ.
ಬೆಳಕು ನಿಜವೆಂದು ನಂಬಲು
ಅದಕ್ಕೆ ಎರಡು ಮಳೆಗಾಲ ಬೇಕಾಯಿತು.

ಮೂರನೆಯದನ್ನು ಮುಟ್ಟಿಲ್ಲ, ಹೋಲಿಕೆಗೆ ಅಂತ.
ಅಲ್ಲಿ ಹಗಲಿಗೂ ಮುಸ್ಸಂಜೆ.
ಎತ್ತರ ಎಲ್ಲಕ್ಕೂ ಇದೆ, ಸುತ್ತಳತೆ ಯಾವುದಕ್ಕೂ ಇಲ್ಲ.
ಒಣಗಿದವು ಬೀಳಲೂ ಜಾಗವಿಲ್ಲದೆ
ಬದುಕಿದವುಗಳ ಹೆಗಲಿಗೆ ಒರಗಿವೆ.
"ಇಲ್ಲಾದರೂ ನಾವು ಪಾಪ ಮಾಡಲಿಲ್ಲ" ಅಂದೆ.
"ಮಾಡಿಸಿದೆವು" ಅಂದರು ಅವರು.

ತಿರುಗಿ ಬರುವಾಗ ಎರಡನೇ ಪಾಲಿನ ಅಂಚಿಗೆ
ನೂರ ನಲವತ್ತೇಳನೇ ಮರ.
ತೊಗಟೆಯಲ್ಲಿ ಹಳೇ ಹಳದಿ ಗೀಟು,
ಮರ ದಪ್ಪವಾದ ಹಾಗೆ ಬಿರಿದು
ನಾಲ್ಕು ಚೂರಾಗಿ ದೂರ ದೂರ ಸರಿದಿದೆ.
ಕಡಿಯಲು ಗುರುತಿಟ್ಟದ್ದು. ಗರಗಸದವರು ಮರೆತರೋ,
ಮಳೆ ಹಿಡಿಯಿತೋ, ಗಂಜಿಯ ಹೊತ್ತಾಯಿತೋ.
ಐತಪ್ಪ ತಮ್ಮದೇ ಗೀಟಿಗೆ ಮೂಗು ತಾಗುವಷ್ಟು ಹತ್ತಿರ ಹೋದರು.
ಏನೂ ಅನ್ನಲಿಲ್ಲ.
ಟೇಪಿನ ಇನ್ನೊಂದು ತುದಿ ಹಿಡಿದರು.

ಫಾರಮ್ಮಿನಲ್ಲಿ ಎರಡೇ ಕಾಲಂ: ಉಳಿಸಿದ್ದು, ತೆಗೆದದ್ದು.
ನಡುವಿನ ಗೆರೆಯ ಮೇಲೆ ಬರೆದೆ,
ತೊಂಬತ್ತೊಂದು ಸೆಂಟಿಮೀಟರ್.