ಬಿಟ್ಟುಹೋದ ಸೊನ್ನೆ

ಅರ್ಕಾವೊತ್ತಿನ ಕಷ್ಟ ನನಗೆ ಹೆಸರಿನಲ್ಲೇ ಶುರು.
ಊರ್ಮಿಳ.
ಬಾಯಿ ಮೊದಲು ಹೇಳಿದ್ದನ್ನು
ಕೈ ಆಮೇಲೆ ಬರೆಯಬೇಕಂತೆ.
ಯಾಕೆ ಎಂದು ಕೇಳಿದ್ದಕ್ಕೆ
ಮೂರನೇ ಕ್ಲಾಸಿನ ಪುಟ್ಟಲಿಂಗಯ್ಯ ಮೇಷ್ಟ್ರು
ಬೆಂಚಿನ ಮೇಲೆ ನಿಲ್ಲಿಸಿದರು.
ಅಲ್ಲಿಂದ ಕಿಟಕಿಯಾಚೆ ಸಂತೇಪೇಟೆ ಚೆನ್ನಾಗಿ ಕಾಣುತ್ತಿತ್ತು,
ಆಲೂಗೆಡ್ಡೆ ಮೂಟೆ, ತಕ್ಕಡಿ, ಜಗಳ.

ವ ಬಾಲ ಚಾಚಿದರೆ ಮ.
ಪ ಹೊಟ್ಟೆ ಸೀಳಿಕೊಂಡರೆ ಷ.
ನ ಮತ್ತು ಸ ಅಕ್ಕತಂಗಿಯರು,
ಒಬ್ಬಳ ಲಂಗ ಇನ್ನೊಬ್ಬಳುಟ್ಟು ಬಂದು
ನಾನ್ಯಾರು ಹೇಳು ಎನ್ನುವರು.
ಸ್ಲೇಟಿನ ತುಂಬ ಸೊನ್ನೆ.
ಶೃಂಗೇರಿಯಲ್ಲಿ ಬೆರಳು ಹಿಡಿದು
ಅಕ್ಕಿಯ ಮೇಲೆ ಬರೆಸಿದ್ದರು ನನಗೆ.
"ಬರೆಯುವ ಹೊತ್ತಿಗೇ ಸೀನಿದಳು" ಎಂದು
ಅಜ್ಜಿ ಸಾಯುವವರೆಗೂ ಕಾರಣ ಕೊಟ್ಟಳು.

ಹದಿನೈದಕ್ಕೆ, ಚಿಕ್ಕಮ್ಮನ ಮನೆ ನಾಮಕರಣಕ್ಕೆ ಹೊರಟವಳು
ಆಲೂರಿನ ಬಸ್ಸೆಂದು ಬೇಲೂರಿನದು ಹತ್ತಿದೆ.
ಮುಕ್ಕಾಲು ಊರು ಒಂದೇ, ನೀವೇ ಬರೆದು ನೋಡಿ.
ಗುಡಿ ಮುಂದೆ ಕೂತು ಕಡಲೆಕಾಯಿ ತಿಂದು
ಸಂಜೆ ಬಸ್ಸಿಗೆ ವಾಪಸ್ಸು.
ಹೇಗಾಯ್ತೇ ಎಂದರು. ಚೆನ್ನಾಯ್ತು ಎಂದೆ.
ಸುಳ್ಳು ಮಾತ್ರ ನನಗೆ ಕಾಗುಣಿತ ತಪ್ಪದೆ ಬರುತ್ತಿತ್ತು:
ಕನ್ನಡಕ ಮರೆತು ಬಂದೆ,
ಕಣ್ಣಿಗೆ ಔಷಧಿ ಬಿಟ್ಟಿದ್ದಾರೆ,
ನೀವೇ ಒಂಚೂರು ಓದಿಬಿಡಿ.

ಬಸ್‌ಸ್ಟ್ಯಾಂಡ್ ಹಿಂದಿನ ಗಫಾರ್ ಸಾಬರು ಕೇಳಿದ್ದು ಒಂದೇ:
"ಎಣಿಸೋಕೆ ಬರ್ತದಾ?"
ಬರುತ್ತಿತ್ತು.
ಸುಟ್ಟ ಮೋಟಾರಿನ ಹೊಟ್ಟೆ ಬಗೆದು, ಕರಕಲು ತಂತಿ ಕಿತ್ತು,
ಇಪ್ಪತ್ತನಾಲ್ಕು ಸ್ಲಾಟಿಗೆ ಹೊಸ ತಾಮ್ರ ಕೂರಿಸುವಾಗ
ಯಾವ ಸುರುಳಿಯೂ ನನ್ನೆದುರು ತಿರುಗಿ ನಿಲ್ಲಲಿಲ್ಲ.
ಸುತ್ತಿನ ಲೆಕ್ಕ ಇವತ್ತಿಗೂ ಪುಸ್ತಕದಲ್ಲಿಲ್ಲ, ಹುರಿಯಲ್ಲಿದೆ:
ಗಿರಾಕಿಗೊಂದು ಹುರಿ, ಹತ್ತು ಸುತ್ತಿಗೊಂದು ಗಂಟು.
ಮೊಳೆಗೆ ನೇತುಬಿದ್ದ ಇನ್ನೂರರಲ್ಲಿ
ಯಾರದು ಯಾವುದೆಂದು ಬೆರಳು ಹೇಳುತ್ತದೆ.
ಬೇರಿಂಗ್ ಸವೆದದ್ದು ಕಿವಿಗೆ,
ವಾರ್ನಿಷ್ ಒಣಗಿದ್ದು ಮೂಗಿಗೆ.
ಆದರೂ ಬ್ಯಾಂಕಿನ ಫಾರಂ ಕೈಗೆ ಬಂತೋ,
ನಲವತ್ಮೂರರ ನಾನು ಮತ್ತೆ ಬೆಂಚಿನ ಮೇಲೆ.

ಮೊನ್ನೆ ಅಣ್ಣನ ಮಗ ಚಿರಂತನನ್ನು ಆಸ್ಪತ್ರೆಗೆ ಕರೆದೊಯ್ದೆವು.
ಡಾಕ್ಟರಮ್ಮ ಎರಡು ಗಂಟೆ ಆಟ ಆಡಿಸಿ
ಒಂದು ಹೆಸರು ಹೇಳಿದರು, ಡಿಸ್ಲೆಕ್ಸಿಯಾ.
ಅದಕ್ಕೂ ಎರಡು ಒತ್ತಕ್ಷರ!
ಹೆಸರಿಟ್ಟವರಿಗೆ ಕರುಣೆ ಬೇಡವೆ?
"ಮನೆಯಲ್ಲಿ ಬೇರೆ ಯಾರಿಗಾದರೂ?"
ಅಣ್ಣ ಚಪ್ಪಲಿ ನೋಡಿಕೊಂಡ.
ನಾನು ಕೈ ಎತ್ತಿದೆ.
ಕ್ಲಾಸಿನಲ್ಲಿ ಒಮ್ಮೆಯೂ ಎತ್ತದ ಕೈ,
ತಾಮ್ರ ಗೀರಿದ ಕೈ.
ಇಳಿಸುವುದು ಮರೆತು ಹಾಗೇ ಕೂತಿದ್ದೆ.

ಸಮಾಧಾನವಾಯಿತೆ? ಇಲ್ಲ.
ಮೊದಲು ಬಂದದ್ದು ಸಿಟ್ಟು,
ಮೇಷ್ಟ್ರ ಮೇಲೆ, ಆ ಸೀನಿನ ಮೇಲೆ,
ನನಗೆ ಎಂದೂ ಇರದಿದ್ದ ಕನ್ನಡಕದ ಮೇಲೆ.
ಎರಡು ರಾತ್ರಿ ನಿದ್ದೆಯಿಲ್ಲ.
ಮೂರನೆಯ ದಿನ ಬ್ಯಾಂಕಿಗೆ ಹೋಗಿ
"ನನಗೆ ಓದೋದು ಕಷ್ಟ, ನಿಧಾನಕ್ಕೆ ಹೇಳಿ" ಎಂದೆ.
ಹುಡುಗಿ ಹೇಳಿದಳು. ಅಷ್ಟೇ.
ಛಾವಣಿ ಬೀಳಲಿಲ್ಲ.

ಭಾನುವಾರ ಚಿರಂತ ಅಂಗಡಿ ಮುಂದೆ ನಿಂತು
ಇರುವೆ ಸಾಲು ಎಣಿಸುವಂತೆ ಬೆರಳಿಟ್ಟು ಬೋರ್ಡು ಓದಿದ.
"ಅತ್ತೆ, ವೈಂಡಿಂಗ್‌ಗೆ ಎರಡು ಸೊನ್ನೆ ಅಲ್ವಾ?
ಇಲ್ಲಿ ಒಂದೇ ಇದೆ."
ನಾನೇ ಬರೆದ ಬೋರ್ಡು. ಹನ್ನೊಂದು ವರ್ಷ.
ವಕೀಲರು, ಲೆಕ್ಚರರು, ಪಂಚಾಯ್ತಿ ಕಾರ್ಯದರ್ಶಿ,
ಎಲ್ಲ ಸರಾಗ ಓದಿಕೊಂಡು ಒಳಗೆ ಬಂದವರೇ.
ತಡವರಿಸುವವನಿಗೆ ಕಂಡಿತು.
"ಸ್ಲೇಟಿಗೆ ಅಷ್ಟೊಂದು ಸುರಿದರಲ್ಲೋ,
ಬೋರ್ಡಿಗೆ ಒಂದು ಉಳಿಸಿಕೊಳ್ಳಬೇಕಿತ್ತು" ಎಂದೆ.
ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ.

ಏಣಿ ಹಾಕಿದೆ. ಡಬ್ಬಿಯಲ್ಲಿ ಉಳಿದದ್ದು ಬೇರೆ ಕೆಂಪು.
ಇರಲಿ.
ಅವನು ಏಣಿ ಹಿಡಿದ, ನಾನು ಸೊನ್ನೆ ಸುತ್ತಿದೆ,
ಒಂದೇ ಸುತ್ತು.
ದುದ್ದದವರೊಬ್ಬರು ಸುಟ್ಟ ಪಂಪು ಟೆಂಪೋದಲ್ಲಿಟ್ಟುಕೊಂಡು ಬಂದು
"ಊರ್ಮಿಳಕ್ಕಾ, ಬೇಗ ಆಗ್ತದಾ?" ಎಂದರು.
ತಡೀರಿ, ಎಂದೆ ಮೇಲಿಂದಲೇ,
ಓದ್ತಾ ಇದೀನಿ.