ಎಳೆ ಸಿಗುವವರೆಗೆ

ರಿಪೋರ್ಟು ಬಂದದ್ದು ಮಂಗಳವಾರ,
ಶಿಡ್ಲಘಟ್ಟದಲ್ಲಿ ಗೂಡಿನ ಹರಾಜು ಮುಗಿದು
ಖಾಲಿ ಜಾಲರಿಗಳನ್ನು ಒಂದರ ಮೇಲೊಂದು ಪೇರಿಸುವ ಹೊತ್ತಿಗೆ.
ಐಜಿಎಂ: ವಿಪರೀತ ಜಾಸ್ತಿ.
ಐಜಿಜಿ: ಇಲ್ಲವೆಂದರೆ ಇಲ್ಲ.
ಬಿ ಕೋಶಗಳ ಎಣಿಕೆ: ಸರಿಯಾಗಿದೆ.
ಸರಿಯಾಗಿದೆ, ಎಂದು ಇನ್ನೊಮ್ಮೆ ಓದಿದೆ.
ಹದಿನೇಳು ವರ್ಷ ಬರೀ ರಕ್ತವನ್ನೇ ನೋಡಿದವಳಿಗೆ
ಆ ಪದ ಬಾಯಲ್ಲಿ ಕಹಿಯಾಯಿತು.

ಮಗು ಜುನೈದ್. ಎರಡೂವರೆ ವರ್ಷ.
ಮೂರು ಸಲ ನ್ಯುಮೋನಿಯಾ. ಕಿವಿ ಸೋರಿದ್ದಕ್ಕೆ ಲೆಕ್ಕವಿಲ್ಲ.
ತಾಯಿ ಗುಲ್ನಾರ್ ಫಿಲೇಚರಿನಲ್ಲಿ ಬೇಸಿನ್ನಿಗೆ ಕೂರುವವಳು,
ಬೆರಳ ತುದಿಗಳು ಬೆಂದು ಬೆಂದು ಬೆಳ್ಳಗೆ,
ದುಪಟ್ಟಾದ ಮಡಿಕೆಯಲ್ಲಿ ಹುಳು ಬೆಂದ ವಾಸನೆ.
"ಇದ್ದಾವೆ ಅಂತೀರಲ್ಲ ಮೇಡಂ,
ಇದ್ದ ಮೇಲೆ ಯಾಕೆ ಕೆಲಸ ಮಾಡಲ್ಲ? ಸೋಮಾರಿಗಳಾ?"

ಪಾಪ, ಸೋಮಾರಿಗಳು ಅನ್ನಬಾರದು ಅವನ್ನು.
ಒಂದೊಂದೂ ತನಗೆ ಸಿಕ್ಕ ರೋಗಾಣುವಿನ ಚೂರನ್ನು ಹಿಡಿದು
ಕತ್ತಿನ ಗಂಟಿನೊಳಗೆ ಕಾಯುತ್ತ ನಿಂತಿದೆ.
ತನ್ನ ಕಣ್ಣನ್ನು ತಾನೊಂದೇ ನಂಬುವ ಜಾತಿಯಲ್ಲ ಅದು.
ಟಿ ಕೋಶ ಬರಬೇಕು. ಅದೇ ಚೂರನ್ನು ಗುರುತಿಸಬೇಕು.
ನಾನೂ ಕಂಡೆ ಮಾರಾಯಾ, ಎಂದು ಮೈ ಮುಟ್ಟಬೇಕು,
ಮುಟ್ಟಿದ ಕಡೆಯೇ ಹನಿಗಿಂತ ಸಣ್ಣ ಹನಿಯಲ್ಲಿ
ರಾಸಾಯನಿಕದ ಒಂದು ಮಾತನ್ನು ಸುರಿಯಬೇಕು.
ಆ ಮಾತುಗಳಿಗೆ ನಾವು ನಂಬರು ಕೊಟ್ಟಿದ್ದೇವೆ,
ನಾಲ್ಕು, ಇಪ್ಪತ್ತೊಂದು, ಊರ ಬಸ್ಸಿಗೆ ಕೊಟ್ಟ ಹಾಗೆ;
ಎಲ್ಲಿ ಇಳಿಯಬೇಕೆಂದು ಕೋಶ ಅದರಿಂದ ತಿಳಿಯುತ್ತದೆ:
ಒಡೆದು ಎರಡಾಗು, ಎಂಟಾಗು,
ಆ ಒರಟು ಆಯುಧ ಸಾಕು, ಈಗ ನಯವಾದದ್ದು ಮಾಡು,
ಕೆಲವರು ಉಳಿದುಕೊಳ್ಳಿ, ನೆನಪಿಟ್ಟುಕೊಳ್ಳಿ.

ಇಷ್ಟನ್ನೂ ತಪ್ಪುತಪ್ಪಾಗಿ ಹೇಳುತ್ತಿದ್ದೆ.
ಗುಲ್ನಾರ್ ನಡುವೆಯೇ ಕೈಯೆತ್ತಿದಳು,
ಕೌಂಟರಿನ ಮೇಲೆ ಇಲ್ಲದ ಬೇಸಿನ್ನೊಂದನ್ನು ಎಳೆದುಕೊಂಡಳು.
"ಗೂಡೂ ಹಂಗೇ.
ಒಳಗೆ ಸಾವಿರ ಗಜ ರೇಷ್ಮೆ ಇದ್ರೂ ತುದಿ ತೋರ್ಸಲ್ಲ.
ಬಿಸಿನೀರು ಬೇಕು, ಅಂಟು ಬಿಡಕ್ಕೆ.
ಆಮೇಲೆ ಪೊರಕೆ ಕಡ್ಡೀಲಿ ಹಿಂಗೆ ಸವರ್ಬೇಕು,
ಮೆತ್ತಗೆ, ಮುಟ್ಟಿದ್ದೂ ಗೊತ್ತಾಗ್ದಂಗೆ.
ನೀರೊಂದೇ ಆದ್ರೆ ಗೂಡು ಕೊಳೀತದೆ.
ಕಡ್ಡಿಯೊಂದೇ ಆದ್ರೆ ಹರೀತದೆ."

ಹದಿನೇಳು ವರ್ಷದಲ್ಲಿ ನನಗೆ ಯಾರೂ
ಹೀಗೆ ಕಲಿಸಿರಲಿಲ್ಲ.

"ಹಂಗಾದ್ರೆ ಇವನಲ್ಲಿ ಯಾವ್ದಿಲ್ಲ?"
ಕಡ್ಡಿ, ಎಂದೆ. ನೀರು ಕಾದೇ ಇದೆ.

ಆ ಕಡ್ಡಿಯ ನಕ್ಷೆ ಇರುವುದು ಎಕ್ಸ್ ವರ್ಣತಂತುವಿನ ಮೇಲೆ.
ಅವಳಲ್ಲಿ ಎರಡು ಪ್ರತಿ. ಬಹುಶಃ ಒಂದರಲ್ಲಿ ಒಂದೇ ಒಂದು ಅಕ್ಷರ ತಪ್ಪು.
ಕೊಟ್ಟದ್ದು ಅದನ್ನೇ.
ಇದನ್ನು ನಾನು ಹೇಳಲಿಲ್ಲ.
ಡಾಕ್ಟರು ಹೇಳಲಿ, ಅಥವಾ ಬೆಂಗಳೂರಿನವರು,
ಇನ್ನೂ ಒಂದು ಪರೀಕ್ಷೆ ಬಾಕಿಯಿದೆ, ಎಂದು ಕಾಗದ ಮಡಿಚಿದೆ.
ಅವಳು ತನ್ನ ಬೆಳ್ಳನೆಯ ಬೆರಳುಗಳನ್ನೇ ನೋಡುತ್ತಿದ್ದಳು,
ಗೊತ್ತಾಗಿಬಿಟ್ಟಿತೇ ಎಂದು ಹೆದರಿದೆ.

ಈಗ ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರ.
ಮಕ್ಕಳ ವಾರ್ಡಿನ ಕಿಟಕಿ ಪಕ್ಕದ ಮಂಚ,
ದೂರದಲ್ಲಿ ನಂದಿಯ ಬೆನ್ನು.
ಗಾಜಿನ ಸೀಸೆಯಿಂದ ತೊಟ್ಟು ತೊಟ್ಟಾಗಿ
ಜುನೈದನ ಕೈಗೆ ಇಳಿಯುತ್ತದೆ ಪರರ ಐಜಿಜಿ.
"ಯಾರದ್ದು ಇದು?"
ಸಾವಿರ ಜನರದ್ದು, ಜಾಸ್ತಿಯೇ ಇರಬಹುದು, ಎಂದೆ.
ಅವಳು ತುಂಬಾ ಹೊತ್ತು ಸೀಸೆ ನೋಡಿದಳು.
"ಅವರಿಗೆಲ್ಲ ಏನೇನು ಜ್ವರ ಬಂದಿತ್ತೋ."
ಹೌದು. ಯಾರದೋ ಕೆಮ್ಮು, ಯಾರದೋ ಮಕ್ಕಳ ದಡಾರ,
ಯಾವುದೋ ಊರಿನ ಯಾರದೋ ಕತ್ತಿನ ಗಂಟಿನಲ್ಲಿ
ಒಂದು ಕೋಶ ಇನ್ನೊಂದಕ್ಕೆ ಹೇಳಿದ ಮಾತು
ಇಲ್ಲಿ ತಣ್ಣಗೆ, ನೀರಿನ ಬಣ್ಣದಲ್ಲಿ.

ನರ್ಸು ಗಡಿಬಿಡಿಯಲ್ಲಿ ಚಕ್ರ ತಿರುಗಿಸಲು ಬಂದಳು.
ಗುಲ್ನಾರ್ ಕೊಳವೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು
ಅಭ್ಯಾಸಬಲದಿಂದ ದಪ್ಪ ನೋಡಿದಳು,
"ಜೋರಾಗಿ ಎಳೀಬೇಡಮ್ಮಾ," ಅಂದಳು,
"ಸಣ್ಣ ಎಳೆ. ಕಡಿದ್ರೆ ಮತ್ತೆ ತುದಿ ಹುಡುಕ್ಬೇಕು."