ಹಿಂದಕ್ಕೆ ಹೋಗುವ ಗುಂಡಿ

ಹಳೆಯದು ಪಲ್ಪರ್ ತೊಟ್ಟಿಗೆ ಬಿತ್ತು.
ಕೊಯ್ಲಿನ ನಡುವೆ, ಸಂಜೆ ತೂಕದ ಹೊತ್ತು,
ಕೆಂಪು ಸಿಪ್ಪೆಯ ಜೊತೆ ಒಂದು ಸುತ್ತು ತಿರುಗಿತು.
ಮುಳುಗುವ ತನಕ
ಅದರ ಟಾರ್ಚು ಉರಿಯುತ್ತಲೇ ಇತ್ತು.

ಸಿದ್ದಾಪುರದ ಸಂತೆಯ ದಿನ
ಸಫ್ವಾನ್ ಗಾಜಿನ ಪೆಟ್ಟಿಗೆಯಿಂದ ಎತ್ತಿಕೊಟ್ಟ,
ಬೆನ್ನ ಮೇಲೆ ಕಚ್ಚಿದ ಹಣ್ಣಿನ ಗುರುತಿನದು,
ಯಾರೋ ಬಳಸಿ ಬಿಟ್ಟದ್ದು.
"ಹ್ಯಾಂಗ್ ಆಗಲ್ಲ ಅಕ್ಕಾ, ಇದರ ಜಾತಿಯೇ ಬೇರೆ."
ಕಾಡುಬೆಕ್ಕು ತಿಂದುಬಿಟ್ಟ ಕಾಫಿಗೂ
ಹೀಗೇ ಏನೋ ಹೇಳಿ ದುಬಾರಿ ಮಾರುತ್ತಾರೆ.
ನಕ್ಕು, ಕಂತು ಬರೆಸಿದೆ.

ಜಾತಿ ಬೇರೆ ಎಂಬುದು ನಿಜ.
ಹಿಂದಕ್ಕೆ ಹೋಗುವ ಗುಂಡಿಯೇ ಇಲ್ಲ ಇದಕ್ಕೆ.
ಹೆಬ್ಬೆರಳು ಆರು ವರ್ಷದ ರೂಢಿಯಲ್ಲಿ
ಕೆಳಗಿನ ಮೂಲೆಗೆ ಹೋಗಿ
ಬರಿಗಾಜು ತಟ್ಟಿ ವಾಪಸ್ಸು ಬರುತ್ತದೆ,
ರಜೆಯ ದಿನ ಸೊಸೈಟಿಯ ಬಾಗಿಲಿಗೆ
ಸೀಮೆಎಣ್ಣೆ ಡಬ್ಬ ಹಿಡಿದು ಹೋದವರ ಹಾಗೆ.

ಹೆಸರುಗಳು ಎರಡೆರಡು ಸಲ ಬಂದಿವೆ,
ನಂಬರುಗಳು ಯಾರದ್ದೋ ಮನೆ ಹೊಕ್ಕಿವೆ.
ಗೊಬ್ಬರದ ಡಿಪೋಗೆ ಹಚ್ಚಿದರೆ
ವಿರಾಜಪೇಟೆಯ ದಂತವೈದ್ಯರು ಎತ್ತುತ್ತಾರೆ.
ಮೂರನೇ ಸಲವೂ ಬೇಸರವಿಲ್ಲ ಅವರಿಗೆ,
"ಹಲ್ಲು ಹೇಗಿದೆ?" ಎನ್ನುತ್ತಾರೆ.

ನಾನು ತೋಟದ ರೈಟರು.
ಹೆಸರಿಗೆ ರೈಟರು; ಬರೆಯುವುದು ಆಳಿನ ಲೆಕ್ಕ,
ಯಾರು ಬಂದರು, ಎಷ್ಟು ಕಿಲೋ, ಯಾವ ಬ್ಲಾಕು.
ಇದರ ಹಾಜರಿ ಆ್ಯಪಿನಲ್ಲಿ
ಒತ್ತಕ್ಷರಗಳು ಒತ್ತಿನಲ್ಲಿ ನಿಲ್ಲಲೊಲ್ಲವು.
ಅಕ್ಕಮ್ಮ ಎಂದು ಒತ್ತಿದರೆ ಅಕ್‌ಕಮ್‌ಮ,
ಬೊಳ್ಳಿ ಎಂದರೆ ಬೊಳ್‌ಳಿ,
ನಾನು ಸಹಿ ಹಾಕುವಲ್ಲಿ ರೈಟರಕ್‌ಕ.
ತಾಯ ಸೊಂಟದಿಂದಿಳಿದ ಕೂಸು
ಬದಿಗೆ ನಿಂತು ಚಂಡಿ ಹಿಡಿದಂತೆ ಒಂದೊಂದೂ.
ಅಸ್ಸಾಮಿನ ರಫೀಕುಲ್ ಒಬ್ಬನೇ ಸಸೂತ್ರ,
ಅವನ ಹೆಸರಿನಲ್ಲಿ ಒತ್ತಿಲ್ಲ.

"ಅಪ್‌ಡೇಟ್ ಬಂದ್ರೆ ಸರಿಯಾಗುತ್ತೆ" ಎಂದ ಸಫ್ವಾನ್.
ಬಂತು.
ಸಿಗ್ನಲ್ ಸಿಗುವ ಸಿಲ್ವರ್ ಮರದ ಬುಡದಲ್ಲಿ
ಎರಡು ಗಂಟೆ ಜಿಗಣೆ ಕೀಳುತ್ತ ಇಳಿಸಿಕೊಂಡೆ.
ಒತ್ತುಗಳು ಹಾಗೇ ನಿಂತಿದ್ದವು.
ಹೊಸದಾಗಿ, ಮೆಸೇಜಿನ ಸದ್ದು ಹೋಯಿತು.

ಗುರುವಾರ ನಸುಕು. ಮಂಜು ಗಿಡಗಳ ಸೊಂಟಕ್ಕಿತ್ತು.
ಇಪ್ಪತ್ತಮೂರು ಜನ, ಬುತ್ತಿ, ಚೀಲ,
ಮೂರನೇ ಬ್ಲಾಕಿನ ದಾರಿ.
ಗುಂಪಿನಲ್ಲಿ ಆನೆಯ ಸುದ್ದಿ ಇದೆಯೇ ಎಂದು ನೋಡಿದೆ:
ಪರದೆ ತೊಳೆದಿಟ್ಟ ತಟ್ಟೆ.
ಗೇಟಿನಲ್ಲಿ ಹಾಡಿಯ ಚೋಮಿ ಕೈ ಅಡ್ಡ ಹಿಡಿದಳು.
ಅವಳದು ಗುಂಡಿ ಫೋನು, ರಬ್ಬರ್ ಬ್ಯಾಂಡು ಸುತ್ತಿದ್ದು.
ಓದಲು ಅವಳಿಗೆ ಬರುವುದಿಲ್ಲ.
"ಬೆಳಕು ಹರಿಯೋ ಮೊದಲು ಇದು ಕುಂಯ್ ಅಂದ್ರೆ
ಅವನ ಸುದ್ದಿಯೇ.
ನನಗೆ ಬೇರೆ ಯಾರು ಬರೀತಾರೆ?"
ತೆಗೆದು ಓದಿದೆ: ಒಂಟಿ ಸಲಗ, ಮೂರನೇ ಬ್ಲಾಕು, ಕೆರೆ ಏರಿ.
ಇಪ್ಪತ್ತಮೂರು ಜನ ನಿಂತಲ್ಲೇ ಸಣ್ಣಗಾದರು.
"ನಿನ್ನದಕ್ಕೆ ಬಂದಿಲ್ವಾ?"
ನನ್ನದನ್ನು ಇಸಿದುಕೊಂಡಳು, ಮಗುಚಿದಳು,
ಬೆನ್ನಿನ ಹಣ್ಣನ್ನು ಉಗುರಿನಿಂದ ಕೆರೆದು
"ಎಂಜಲು" ಎಂದು ಮೆಲ್ಲಗೆ ಹೇಳಿ ಮರಳಿಸಿದಳು.

ಆ ದಿನ ಐದನೇ ಬ್ಲಾಕು ಕೊಯ್ದೆವು.
ಹಾಜರಿಗೆ ಹಳೆಯ ಉದ್ದ ಪುಸ್ತಕ ಬಿಚ್ಚಿದೆ.
ಅ. ಅದರ ಬದಿಗೆ ಕ,
ಆ ಕ ಕೆಳಗೆ ಇನ್ನೊಂದನ್ನು ತೂಗುಹಾಕುವಾಗ
ಪೆನ್ನು ತುಸು ಹೆಚ್ಚೇ ಒತ್ತಿದೆನೇನೋ,
ಮುಂದಿನ ಹಾಳೆಯಲ್ಲೂ ಗುರುತು.

ಒಂದೂಕಾಲಿಗೆ, ಅಕ್ಕಿರೊಟ್ಟಿ ಮುರಿಯುವಾಗ,
ಜೇಬು ನಡುಗಿತು. ಒಟ್ಟಿಗೆ ನಾಲ್ಕು.
ಎಚ್ಚರಿಕೆ, ನಿಮ್ಮ ಸಮೀಪ ಆನೆ ಇದೆ.
ಅವನು ಹೊಳೆ ದಾಟಿ ಎಷ್ಟೋ ಹೊತ್ತಾಗಿತ್ತು,
ಲದ್ದಿ ಆರಿದ್ದನ್ನು ವಾಚರು ಕಾಲಲ್ಲಿ ಮುಟ್ಟಿ ಬಂದಿದ್ದ.
ಎಲ್ಲ ಗೊತ್ತಿದ್ದೂ
ಬುತ್ತಿಯ ಮುಚ್ಚಳ ಹಾಕಿ
ಒಮ್ಮೆ ಹಿಂದಿರುಗಿ ನೋಡಿದೆ.